ಮೋಟಾರ್‌ಹೋಮ್, ಟೆಂಟು, ನಮ್ಮ ಈಕೋ: ಮೂರರಲ್ಲೂ ಮಲಗಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಈಕೋಗೆ. ಮಾರುತಿ ಈಕೋ, ಐದು ಸೀಟಿನದು. ಹಿಂದಿನ ಸೀಟು ಬಿಚ್ಚಿ, ಹಲಗೆ ಕೂರಿಸಿ, ಮೇಲೊಂದು ಹತ್ತಿ ಗಾದಿ ಹಾಸಿದ್ದು. ಇದು ಬಡಾಯಿಯಲ್ಲ. ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಮೋಟಾರ್‌ಹೋಮ್ ಅನ್ನುವ ಗಾಡಿಗೆ ನಾಲ್ಕು ದಿನಕ್ಕೆ 44 ಸಾವಿರ ಬಾಡಿಗೆ ಕೊಟ್ಟ ಮೇಲೆ ಬಂದ ಬುದ್ಧಿ, ನಿಮಗೆ ಪುಕ್ಕಟೆ.

ನನ್ನದು ಶಿರಸಿ ಪೇಟೆಯಲ್ಲಿ ಸಣ್ಣ ಅಂಗಡಿ, ಮನೆ ಹುಲೇಕಲ್ ಕಡೆ. ಕಾಡು, ಹೊಳೆ, ಕೆರೆ ನೋಡೋಕೆ ನಾವು ದೂರ ಹೋಗಬೇಕಿಲ್ಲ, ಆದರೂ ವರ್ಷಕ್ಕೆರಡು ಸಲ ಮನೆ ಬಿಟ್ಟು ಎಲ್ಲಾದರೂ ನೀರಿನ ಪಕ್ಕ ಮಲಗುವ ಚಟ ನನಗೂ ನನ್ನ ಹೆಂಡತಿಗೂ ಇದೆ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿರುವ ತಮ್ಮ ಫೋನ್ ಮಾಡಿ, "ಅಣ್ಣ, ಈ ಸಲ ಹೋಮ್‌ಸ್ಟೇ ಎಲ್ಲ ಬ್ಯಾಡ, ಮನೆನೇ ತಗಂಡು ಬತ್ತಿ" ಅಂದ. ತಂದೇಬಿಟ್ಟ. ಬಾಡಿಗೆ ಅರ್ಧ ಅವನದು, ಅರ್ಧ ನನ್ನದು. ಆಯಿ, ತಮ್ಮ, ಅವನ ಹೆಂಡತಿ, ಅವರ ಮಗಳು, ನಾವಿಬ್ಬರು, ಒಟ್ಟು ಆರು ಜನ.

ಒಳಗೆ ಏನೇನಿತ್ತು ಅಂತ ಪಟ್ಟಿ ಮಾಡುವುದಿಲ್ಲ. ಅದೆಲ್ಲ ಬಾಡಿಗೆಗೆ ಕೊಡುವವರ ಫೋಟೋದಲ್ಲಿ ಚೆನ್ನಾಗಿಯೇ ಇರುತ್ತದೆ. ಫೋಟೋದಲ್ಲಿ ಕಾಣದ ಒಂದು ಸಂಗತಿ ಇದೆ, ಅದನ್ನು ಹೇಳುತ್ತೇನೆ.

ಮೊದಲ ದಿನ ಯಲ್ಲಾಪುರ. ಕವಡಿಕೆರೆ ದಂಡೆಯಲ್ಲಿ ಚಹಾ, ಮಾಗೋಡು ಜಲಪಾತ, ಸಂಜೆ ಜೇನುಕಲ್ಲು ಗುಡ್ಡದಲ್ಲಿ ಸೂರ್ಯ ಮುಳುಗುವುದು. ಎಲ್ಲ ಸರಿ. ಎರಡನೇ ದಿನ ದಾಂಡೇಲಿ ಮೇಲೆ ಗಣೇಶಗುಡಿ, ಸೂಪಾ ಹಿನ್ನೀರಿನ ಹತ್ತಿರ ಒಬ್ಬರ ಖಾಸಗಿ ಜಾಗದಲ್ಲಿ ದುಡ್ಡು ಕೊಟ್ಟು ಗಾಡಿ ನಿಲ್ಲಿಸಿದೆವು. ಇದು ಕಡ್ಡಾಯ ಅಂತಲೇ ತಿಳಿಯಿರಿ. ಆ ಸುತ್ತಮುತ್ತಲೆಲ್ಲ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಚಂದ ಕಂಡಲ್ಲಿ ನಿಲ್ಲಿಸಿ ಮಲಗುತ್ತೇನೆ ಅಂದರೆ ಅರಣ್ಯ ಇಲಾಖೆಯವರು ಎಬ್ಬಿಸಿ ಕಳಿಸುತ್ತಾರೆ, ಅದು ಸರಿಯೂ ಹೌದು. ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ಏಳುತ್ತಿತ್ತು. ಆ ನೀರಿನ ಅಡಿಯಲ್ಲೇ ಹಳೇ ಸೂಪಾ ಊರು ಇದೆ, ಅದು ಮುಳುಗಿದ ಮೇಲೆ ತಾಲೂಕು ಕೇಂದ್ರ ಜೋಯಿಡಾ ಆದದ್ದು ಅಂತ ಆಯಿ ಮೊಮ್ಮಗಳಿಗೆ ಹೇಳುತ್ತಿದ್ದರು. ಅಷ್ಟೊತ್ತಿಗೆ ಟಾಯ್ಲೆಟ್ ಬಾಗಿಲ ಪಕ್ಕದ ಕೆಂಪು ದೀಪ ಹತ್ತಿತು.

ಟ್ಯಾಂಕ್ ತುಂಬಿದೆ ಅಂತ ಅರ್ಥ. ಆರು ಜನ, ಒಂದೂವರೆ ದಿನ. ಗಾಡಿ ಮಾಲೀಕರಿಗೆ ಫೋನ್ ಮಾಡಿದರೆ, "ಕಾಡಿದೆಯಲ್ಲಾ ಸರ್, ಎಲ್ಲಾದರೂ ಪೈಪ್ ಬಿಚ್ಚಿ ಬಿಡಿ" ಅಂದರು. ನನಗೆ ಸಿಟ್ಟು ಬಂದದ್ದು ಅಲ್ಲಿ. ಎಲ್ಲಿ ಬಿಡುವುದು? ಕಾಳಿ ಹೊಳೆಗಾ? ಕೆಳಗೆ ದಾಂಡೇಲಿಯವರು ಅದೇ ನೀರು ಕುಡಿಯುತ್ತಾರೆ. ಹಳ್ಳದ ಬುಡಕ್ಕಾ? ಆ ಹಳ್ಳ ಯಾರದೋ ತೋಟಕ್ಕೆ ಹೋಗುತ್ತದೆ. ಜಾಗದ ಯಜಮಾನರು ಪಾಪ, "ನಮ್ಮ ಇಂಗುಗುಂಡಿಗೆ ಬಿಡಿ" ಅಂದರು, ಆದರೆ ಅದು ಮನೆ ಹಿಂದೆ, ಗಾಡಿಯ ಪೈಪು ಹತ್ತು ಅಡಿ.

ಸರಿ, ಮನೆಗೇ ಹೋಗಿ ಖಾಲಿ ಮಾಡೋಣ ಅಂತ ಹೊರಟೆವು. ದಾರಿಯುದ್ದಕ್ಕೂ ಟಾಯ್ಲೆಟ್‌ಗೆ ಬೀಗ. ದಿನಕ್ಕೆ 11 ಸಾವಿರ ಬಾಡಿಗೆಯ ಗಾಡಿಯೊಳಗೆ ಟಾಯ್ಲೆಟ್ ಇಟ್ಟುಕೊಂಡು ನಾವು ಆರು ಜನ ಯಲ್ಲಾಪುರ ಬಸ್‌ಸ್ಟ್ಯಾಂಡಿನಲ್ಲಿ ಸಾಲು ನಿಂತೆವು. ತಮ್ಮ ಮಾತಾಡಲೇ ಇಲ್ಲ.

ನಮ್ಮ ಮನೆಯ ದಣಪೆ, ಅಂದರೆ ಬೇಲಿಯ ಬಾಗಿಲು, ಜೀಪಿನ ಅಳತೆಗೆ ಮಾಡಿದ್ದು. ಈ ಗಾಡಿ ಒಳಗೆ ಬರುವ ಮಾತೇ ಇಲ್ಲ, ಮೇಲಿನ ರಸ್ತೆಯಲ್ಲೇ ನಿಂತಿತು. ಗಂಟೆಗೊಮ್ಮೆ ಬಸ್ಸು ಬಂದಾಗಲೆಲ್ಲ ಹಿಂದೆ ತೆಗೆಯಬೇಕು. ಬಕೆಟಿನಲ್ಲಿ ಹೊತ್ತು ಹಾಕೋಣ ಅಂತ ನಾನೂ ತಮ್ಮನೂ ಮೂಗಿಗೆ ಪಂಜಿ ಕಟ್ಟಿಕೊಂಡು ತಯಾರಾದೆವು. ಆಗ ಅಪ್ಪಯ್ಯ ಜಗಲಿಯಿಂದ ಇಳಿದು ಬಂದರು.

"ಅದ್ರಲ್ಲಿ ಎಂತದೋ ನೀಲಿ ಔಷಧಿ ಹಾಕಿದ್ದಡ ಅಲ್ದನಾ?"

ಹೌದು. ವಾಸನೆ ಬರಬಾರದು ಅಂತ ಟ್ಯಾಂಕಿಗೆ ಹಾಕುವ ದ್ರಾವಣ. ನಮ್ಮ ಮನೆಯ ಪಾಯಿಖಾನೆ ಸೇರುವುದು ಗೋಬರ್ ಗ್ಯಾಸಿಗೆ, ನಮ್ಮ ಕಡೆ ಸುಮಾರು ಮನೆಗಳಲ್ಲಿ ಹೀಗೇ. ಗ್ಯಾಸು ಆಗುವುದು ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳಿಂದ. ಈ ದ್ರಾವಣದ ಕೆಲಸವೇ ಅಂಥ ಜೀವಿಗಳನ್ನು ಕೊಲ್ಲುವುದು, ಕೆಲವು ಬ್ರ್ಯಾಂಡುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ಅಪ್ಪಯ್ಯ ಒಂದೇ ಮಾತಲ್ಲಿ ಮುಗಿಸಿದರು: "ಗ್ಯಾಸು ನಿಂತ್ರೆ ನಿನ್ನ ಆಯಿ ಎಂತದ್ರಲ್ಲಿ ಅಡುಗೆ ಮಾಡವು?"

ಕೊನೆಗೆ ಶಿರಸಿಯಿಂದ ಸೆಪ್ಟಿಕ್ ಟ್ಯಾಂಕ್ ಎಳೆಯುವ ಗಾಡಿ ಕರೆಸಿದೆವು. ಆ ಡ್ರೈವರು ಇಳಿದು, ಟ್ಯಾಂಕ್ ನೋಡಿ, "ಇಷ್ಟೇನಾ?" ಅಂತ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಎರಡು ನಿಮಿಷದ ಕೆಲಸ, 1,800 ರೂಪಾಯಿ. ನಾಲ್ಕನೇ ದಿನ ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋಗುವುದಿತ್ತು. ಹೋಗಲಿಲ್ಲ.

ಇದು ಆ ಒಂದು ಗಾಡಿಯ ತಪ್ಪಲ್ಲ. ಟ್ಯಾಂಕ್ ಖಾಲಿ ಮಾಡಲು, ನೀರು ತುಂಬಿಸಿಕೊಳ್ಳಲು, ಕರೆಂಟಿಗೆ ಚುಚ್ಚಲು ಜಾಗ ಇದ್ದರೆ ಮಾತ್ರ ಇಂಥ ಗಾಡಿಗೆ ಅರ್ಥ. ಕೇರಳದವರು 2021ರಲ್ಲಿ ಕ್ಯಾರವಾನ್ ನೀತಿ ತಂದಾಗ ಗಾಡಿಯ ಜೊತೆಗೆ ಕ್ಯಾರವಾನ್ ಪಾರ್ಕುಗಳನ್ನೂ ಅದರಲ್ಲಿ ಸೇರಿಸಿದರು. ನಾವು ಹೋದ ದಾರಿಯಲ್ಲಿ ನಮಗೆ ಅಂಥದ್ದು ಒಂದೂ ಸಿಗಲಿಲ್ಲ. ಬುಕ್ ಮಾಡುವ ಮೊದಲು "ಟ್ಯಾಂಕ್ ಎಲ್ಲಿ ಖಾಲಿ ಮಾಡಬೇಕು?" ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಫೋನ್ ಇಡಿ.

ಮೋಟಾರ್‌ಹೋಮಿನ ಅಡುಗೆಮನೆಯಲ್ಲಿ ನಾವು ಮಾಡಿದ್ದು ಎರಡು ಸಲ ಚಹಾ. ಯಲ್ಲಾಪುರದಲ್ಲಿ ಅತ್ತೆ ಮನೆ, ಮಂಚಿಕೇರಿಯಲ್ಲಿ ಭಾವನ ಮನೆ, ಉಣ್ಣದೆ ಹೋಗ್ತೇವೆ ಅಂದರೆ ಬಿಡುವವರು ಯಾರು? ಎ.ಸಿ. ಹಾಕಲು ಅಂಗಳದ ಪ್ಲಗ್ಗಿಗೆ ವೈರ್ ಎಳೆದರೆ ಸಂಜೆ ವೋಲ್ಟೇಜ್ ಇಲ್ಲ. ಹಳ್ಳಿ ರಸ್ತೆಯಲ್ಲಿ ಹಲಸಿನ ಕೊಂಬೆ ಗಾಡಿಯ ಮೇಲೆ ಕೆರೆದ ಗೀಚಿಗೆ ಡಿಪಾಸಿಟ್‌ನಲ್ಲಿ 3,000 ಹೋಯಿತು.

ಒಳ್ಳೆಯದು ಇಲ್ಲವಾ ಅಂದರೆ, ಇದೆ. ಆಯಿಗೆ ಮಂಡಿ ನೋವು. ರಾತ್ರಿ ಎರಡು ಸಲ ಏಳಬೇಕು. ದೀಪ ಹತ್ತುವವರೆಗೂ ಅವರಿಗೆ ಆ ಗಾಡಿ ಸ್ವರ್ಗ. ದಾರಿಯಲ್ಲಿ ಕಾಲು ಚಾಚಿ ಮಲಗಿಕೊಂಡೇ ಬಂದರು. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದು, ಎರಡೇ ದಿನದ ಪ್ರವಾಸ ಅಂದರೆ, ಜೇಬು ಗಟ್ಟಿ ಇದ್ದರೆ, ತೆಗೆದುಕೊಳ್ಳಿ. ಎರಡೇ ದಿನ.

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನ್ ಬಗ್ಗೆ ಕೇಳುವವರಿಗೆ: ಅಣಶಿ ಘಟ್ಟದ ತಿರುವಿನಲ್ಲಿ ಎದುರು ಬಸ್ಸು ಬಂದಾಗ ಅದನ್ನು ರಿವರ್ಸ್ ತೆಗೆಯುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ನಾನು ಅಷ್ಟಕ್ಕೇ ಬಿಟ್ಟೆ.

ಇನ್ನು ಟೆಂಟು. ಅಗ್ಗ, ಹಗುರ, ಎಲ್ಲಿ ಬೇಕಾದರೂ ಹೋಗುತ್ತದೆ. ಆನ್‌ಲೈನಿನಲ್ಲಿ 4,500 ಕೊಟ್ಟು ಮೂರು ಜನರದ್ದು ತರಿಸಿದೆ, ಇಬ್ಬರಿಗೆ ಸಾಕಾಗುತ್ತದೆ. ಮಳೆಗಾಲದಲ್ಲಿ ಉಂಬಳ (ಜಿಗಣೆ), ಹಾಗಾಗಿ ಆ ನಾಲ್ಕು ತಿಂಗಳು ಮಾತೇ ಬೇಡ. ಚಳಿಗಾಲದಲ್ಲಿ ಅಡಿಕೆ ಮರದ ಬುಡಕ್ಕೆ ಹಾಕಿದರೆ ಇಬ್ಬನಿ ರಾತ್ರಿಯಿಡೀ ಟಪ್ ಟಪ್ ಅಂತ ಬೀಳುತ್ತದೆ, ಮಳೆಯೇ ಬಂತೇನೋ ಅನ್ನಿಸಿ ಎರಡು ಸಲ ಎದ್ದೆ. ಗಣೇಶಗುಡಿ ಕಡೆ ಹೊಳೆಯ ಮರಳಿನ ಮೇಲೆ ಟೆಂಟು ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಮೇಲೆ ಸೂಪಾ ಅಣೆಕಟ್ಟಿದೆ, ವಿದ್ಯುತ್ತಿಗೆ ನೀರು ಬಿಟ್ಟಾಗ ಹೊಳೆ ಏರುತ್ತದೆ. ಅಲ್ಲಿ ರಾಫ್ಟಿಂಗ್ ನಡೆಯುವುದೇ ಆ ನೀರಿನಿಂದ.

ಆದರೆ ನಾನು ಟೆಂಟು ಬಿಟ್ಟದ್ದು ಇದ್ಯಾವುದಕ್ಕೂ ಅಲ್ಲ, ಉಣುಗಿಗೆ (ಉಣ್ಣೆ ಹುಳಕ್ಕೆ) ಹೆದರಿ. ಮಂಗನ ಕಾಯಿಲೆ ಗೊತ್ತಲ್ಲ, 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ನಮ್ಮ ಸಿದ್ದಾಪುರ, ಹೊನ್ನಾವರ ಕಡೆಯೂ ಬಂದಿದೆ. ಅದು ಹರಡುವುದು ಉಣುಗು ಕಚ್ಚಿ. ಉಣುಗು ಜಾಸ್ತಿಯಾಗುವುದು ಚಳಿಗಾಲದಿಂದ ಬೇಸಿಗೆವರೆಗೆ, ಅಂದರೆ ಸರಿಯಾಗಿ ನಾವೆಲ್ಲ ಕಾಡಿಗೆ ಹೋಗುವ ಕಾಲದಲ್ಲಿ. ಒಣಗಿದ ದರಕಿನ (ತರಗೆಲೆಯ) ಮೇಲೆ ಬೆನ್ನು ಹಾಕಿ ಮಲಗುವುದು ಅಂದರೆ ಅವುಗಳಿಗೆ ಎಲೆ ಹಾಕಿ ಬಡಿಸಿದ ಹಾಗೆ. ಒಂದು ಬೆಳಿಗ್ಗೆ ಹೆಂಡತಿಯ ಕುತ್ತಿಗೆ ಹಿಂದೆ ಒಂದು ಸಿಕ್ಕಿತು. ಏನೂ ಆಗಲಿಲ್ಲ, ಆದರೆ ಮುಂದಿನ ಹತ್ತು ದಿನ ಅವಳಿಗೆ ತಲೆ ಬಿಸಿಯಾದರೂ ಮನೆಯಲ್ಲಿ ಎಲ್ಲರೂ ಥರ್ಮಾಮೀಟರ್ ಹಿಡಿದು ಓಡುತ್ತಿದ್ದೆವು. ಟೆಂಟು ಈಗ ಅಟ್ಟದ ಮೇಲಿದೆ.

ನೆಲ ಬಿಟ್ಟು ಮೇಲೆ ಮಲಗಬೇಕು, ಆದರೆ ಗಾಡಿ ನಮ್ಮ ದಣಪೆ ದಾಟಬೇಕು. ಇಷ್ಟೇ ಲೆಕ್ಕ. ಅಂಗಡಿ ಸಾಮಾನು ತರುವ ಈಕೋ ಮನೆಯಲ್ಲೇ ಇತ್ತು. ಊರಿನ ಆಚಾರಿಯವರು ಮೂರು ತುಂಡಿನ ಹಲಗೆ ಮಾಡಿಕೊಟ್ಟರು, ಕೆಳಗೆ ಪಾತ್ರೆ, ನೀರಿನ ಕ್ಯಾನು, ಬಟ್ಟೆ ಚೀಲ ಹೋಗುವಷ್ಟು ಎತ್ತರ. ಹಲಗೆ, ಗಾದಿ, ಕಿಟಕಿಗೆ ಸೊಳ್ಳೆ ಪರದೆ, ಒಂದು ಚಾರ್ಜ್ ಮಾಡುವ ಫ್ಯಾನು, ಎಲ್ಲ ಸೇರಿ 9,200 ರೂಪಾಯಿ. ಮೋಟಾರ್‌ಹೋಮಿನ ಒಂದು ದಿನದ ಬಾಡಿಗೆಗಿಂತ ಕಡಿಮೆ.

ಗಾಡಿಗೆ ಒಂದು ತೂತೂ ಕೊರೆದಿಲ್ಲ. ಒಳಗೆ ಮಂಚ, ಸಿಂಕು, ಗ್ಯಾಸು ಅಂತ ಶಾಶ್ವತವಾಗಿ ಕೂರಿಸಿದರೆ ಆರ್‌ಟಿಓ ಒಪ್ಪಿಗೆ ಬೇಕಾಗುತ್ತದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಅದಕ್ಕೆ. ಸೀಟು ಬಿಚ್ಚಿದ್ದಕ್ಕೂ ಯಾರಾದರೂ ಹಿಡಿದಾರು ಅಂತ ಭಾವ ಹೆದರಿಸುತ್ತಲೇ ಇರುತ್ತಾರೆ. ಇದುವರೆಗೆ ಕೇಳಿದ ಒಬ್ಬ ಪೊಲೀಸಿನವರು ಕೇಳಿದ್ದು, "ಗಾದಿ ಎಲ್ಲಿ ಮಾಡಿಸಿದ್ರಿ?" ಅಂತ.

ಕೊರತೆ ಇಲ್ಲ ಅಂತಲ್ಲ. ಟಾಯ್ಲೆಟ್ ಇಲ್ಲ, ಹಾಗಾಗಿ ನಿಲ್ಲುವುದು ಹೋಮ್‌ಸ್ಟೇ ಅಂಗಳದಲ್ಲಿ, ಪರಿಚಯದವರ ಮನೆ ಹತ್ತಿರ, ಕೇಳಿಕೊಂಡು ದೇವಸ್ಥಾನದ ಪಕ್ಕ. ಹೋಮ್‌ಸ್ಟೇಯವರು ರೂಮು ಬೇಡ ಅಂದರೆ ಮೊದಲು ಮುಖ ನೋಡುತ್ತಾರೆ, ಆಮೇಲೆ 400-500ಕ್ಕೆ ಬಚ್ಚಲುಮನೆ, ಬಿಸಿನೀರು ಕೊಡುತ್ತಾರೆ. ನಾನು ಐದೂವರೆ ಅಡಿ, ನನಗೆ ಕಾಲು ಚಾಚಲು ಸಾಲುತ್ತದೆ. ತಮ್ಮ ಆರಡಿ, ಅವನು ಮಡಚಿಕೊಳ್ಳಬೇಕು. ಮತ್ತೆ ಕರಾವಳಿ. ಏಪ್ರಿಲಿನಲ್ಲಿ ಕಾರವಾರದಲ್ಲಿ ಒಂದು ರಾತ್ರಿ ಅದರಲ್ಲಿ ಮಲಗಿ ಬೆಳಿಗ್ಗೆ ಏಳುವಾಗ ನಾವಿಬ್ಬರೂ ಬೇಯಿಸಿದ ಕೊಟ್ಟೆ ಕಡುಬು. ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿಕೊಂಡು ಮಲಗೋಣ ಅಂತ ಅನ್ನಿಸುತ್ತದೆ, ಖಂಡಿತ ಬೇಡ, ಹೊಗೆ ಒಳಗೆ ಸೇರಿದರೆ ಏಳುವುದೇ ಇಲ್ಲ. ಹಾಗಾಗಿ ಈಗ ನಮ್ಮದು ನವೆಂಬರಿನಿಂದ ಫೆಬ್ರವರಿ, ಅದೂ ಘಟ್ಟದ ಮೇಲೆ ಮಾತ್ರ. ಸಮುದ್ರ ಬೇಕಾದರೆ ಬೆಳಿಗ್ಗೆ ಇಳಿದು ಸಂಜೆ ಹತ್ತುತ್ತೇವೆ.

ಹೋದ ಜನವರಿಯಲ್ಲಿ ಮತ್ತೆ ಅದೇ ಸೂಪಾ ಹಿನ್ನೀರಿಗೆ ಹೋದೆವು, ಅದೇ ಯಜಮಾನರ ಜಾಗ. ಅವರು ದೂರದಿಂದಲೇ, "ಈ ಸಲ ಕೆಂಪು ದೀಪ ಇಲ್ಲ ಅಲ್ವಾ?" ಅಂತ ಕೂಗಿದರು. ಹಿಂದಿನ ಬಾಗಿಲು ಮೇಲೆತ್ತಿ, ಗಾದಿಯ ಮೇಲೆ ಕಾಲು ಇಳಿಬಿಟ್ಟು ಕೂತು ಕಷಾಯ ಕುಡಿದೆವು. ಎರಡು ರಾತ್ರಿಗೆ ಪೆಟ್ರೋಲ್, ಜಾಗದ ದುಡ್ಡು, ಊಟ ಎಲ್ಲ ಸೇರಿ ಐದು ಸಾವಿರ ಮುಟ್ಟಲಿಲ್ಲ.

ಒಂದೇ ತಾಪತ್ರಯ ಉಳಿದಿದೆ. ಬಿಚ್ಚಿದ ಸೀಟನ್ನು ಜಗಲಿಯ ಮೇಲೆ ಇಟ್ಟಿದ್ದೆ. ಮಂಡಿಗೆ ಆ ಎತ್ತರ ಸರಿಯಾಗುತ್ತದೆ ಅಂತ ಆಯಿ ಅದರ ಮೇಲೆ ಕೂತು ಕವಳ (ಎಲೆಅಡಿಕೆ) ಹಾಕಲು ಶುರು ಮಾಡಿದ್ದಾರೆ. ಸೀಟು ತಿರುಗಿ ಗಾಡಿಗೆ ಹಾಕಬೇಕು ಅಂತ ನಾನು ಸ್ಪ್ಯಾನರ್ ತಂದರೆ ಏಳುವುದಿಲ್ಲ.