ಜಾಂಗೊ ಡೆಪ್ರಿಕೇಶನ್ ನೀತಿ: ನಂಬಬಹುದು, ಆದರೆ ವಾರ್ನಿಂಗ್ ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳಿ

ರೇಟಿಂಗ್: 4.5/5

ಓಪನ್ ಸೋರ್ಸ್ ಫ್ರೇಮ್‌ವರ್ಕ್ ಆರಿಸುವಾಗ ಸೌಲಭ್ಯಗಳ ಪಟ್ಟಿಗಿಂತ ಮೊದಲು ನೋಡಬೇಕಾದದ್ದು, ಹಳೆಯ ಎಪಿಐಗಳನ್ನು (ನಮ್ಮ ಕೋಡ್ ಕರೆದು ಬಳಸುವ ಅದರ ಭಾಗಗಳನ್ನು) ಅದು ಹೇಗೆ ತೆಗೆಯುತ್ತದೆ ಎಂಬುದನ್ನು. ಈ ವಿಷಯದಲ್ಲಿ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೊದಷ್ಟು ಮಾತಿಗೆ ನಿಲ್ಲುವ ಪ್ರಾಜೆಕ್ಟ್‌ಗಳು ಕಡಿಮೆ.

ಸುಮಾರು 8 ತಿಂಗಳಿಗೊಂದು ಫೀಚರ್ ರಿಲೀಸ್. ಪ್ರತಿ ಸರಣಿಯ .2 ಆವೃತ್ತಿ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವಂಥದ್ದು), ಅದಕ್ಕೆ 3 ವರ್ಷ ಸೆಕ್ಯುರಿಟಿ ಪ್ಯಾಚ್. 4.0 ಅಥವಾ 4.1ರಲ್ಲಿ ಡೆಪ್ರಿಕೇಟ್ ಆದದ್ದು (ಮುಂದೆ ತೆಗೆಯುತ್ತೇವೆಂದು ವಾರ್ನಿಂಗ್ ಕೊಡಲು ಶುರು ಮಾಡಿದ್ದು) 4.2ರಲ್ಲೂ ನಡೆಯುತ್ತದೆ, 5.0ರಲ್ಲಿ ಹೋಗುತ್ತದೆ. 4.2ರಲ್ಲೇ ಡೆಪ್ರಿಕೇಟ್ ಆದದ್ದಕ್ಕೆ 5.1ರ ತನಕ ಅವಕಾಶ. 5.0 ಮತ್ತು 5.1ರ ಡೆಪ್ರಿಕೇಶನ್‌ಗಳು 6.0ರ ತನಕ ಉಳಿಯುತ್ತವೆ. ಹಾಗಾಗಿ 4.2ರಲ್ಲಿ ಒಂದೂ ವಾರ್ನಿಂಗ್ ಕೊಡದ ಕೋಡ್ ನೇರವಾಗಿ 5.2ಕ್ಕೆ ಜಿಗಿಯಬಹುದು. ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ದಾರಿ ಇರಲೆಂದೇ ಹೆಣೆದ ಲೆಕ್ಕಾಚಾರ ಇದು, ನೀತಿಯ ನಿಜವಾದ ಬೆಲೆ ಇರುವುದೂ ಇಲ್ಲೇ. ಮೊದಲು ಪೈಥಾನ್ ಬದಲಿಸಿಕೊಳ್ಳಿ: 4.2ಕ್ಕೆ 3.8ರಿಂದ 3.12 ಸಾಕು, 5.2ಕ್ಕೆ ಕನಿಷ್ಠ 3.10 ಬೇಕು.

ತೊಂದರೆ ಏನೆಂದರೆ ಪೈಥಾನ್ ಈ ವಾರ್ನಿಂಗ್‌ಗಳನ್ನು ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಟೆಸ್ಟ್ ಓಡಿಸುವಾಗ ಪೈಥಾನ್‌ಗೆ ‘-ಡಬ್ಲ್ಯೂಎ’ (-Wa) ಆಯ್ಕೆ ಕೊಡಲೇಬೇಕು. ಪೈಟೆಸ್ಟ್ ಎಂಬ ಟೆಸ್ಟ್ ಸಾಧನ ಬಳಸುವವರಿಗೆ ಅವು ಕೊನೆಯಲ್ಲಿ ತಾವಾಗಿ ಕಾಣುತ್ತವೆ. ವಾರ್ನಿಂಗ್‌ನ ಹೆಸರಲ್ಲೇ ತೆಗೆಯುವ ಆವೃತ್ತಿಯ ಸಂಖ್ಯೆ ಇರುವುದರಿಂದ (‘ರಿಮೂವ್ಡ್‌ಇನ್‌ಜಾಂಗೊ51ವಾರ್ನಿಂಗ್’) ಯಾವುದು ತುರ್ತು ಎಂದು ವಿಂಗಡಿಸುವುದು ಸುಲಭ. ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆಯಲ್ಲಿ) ಎಲ್ಲ ವಾರ್ನಿಂಗ್‌ಗಳನ್ನೂ ಎರರ್ ಮಾಡಲು ಹೋಗಬೇಡಿ, ಬೇರೆ ಪ್ಯಾಕೇಜ್‌ಗಳ ವಾರ್ನಿಂಗ್‌ಗೂ ಬಿಲ್ಡ್ ಬೀಳುತ್ತದೆ. ಪೈಟೆಸ್ಟ್‌ನ ಫಿಲ್ಟರ್‌ನಲ್ಲಿ ಈ ಜಾಂಗೊ ವಾರ್ನಿಂಗ್ ಕ್ಲಾಸ್‌ನ ಪೂರ್ಣ ಹೆಸರನ್ನಷ್ಟೇ ಕೊಡಿ. 5.1ರಲ್ಲಿ ಆ ಕ್ಲಾಸೇ ಇರುವುದಿಲ್ಲ, ಅಪ್‌ಗ್ರೇಡ್ ಮಾಡುವಾಗ ಆ ಸಾಲನ್ನೂ ಬದಲಿಸಬೇಕು.

ಇಷ್ಟಾದರೂ ತಪ್ಪಿಸಿಕೊಳ್ಳುವಂಥವಿವೆ. ಓಡದ ಕೋಡ್ ವಾರ್ನಿಂಗ್ ಕೊಡುವುದಿಲ್ಲ. ಗೆಟ್ (ಬರೀ ಲಿಂಕ್ ಒತ್ತಿದಾಗ ಹೋಗುವ ವಿನಂತಿ) ಮೂಲಕ ಲಾಗ್‌ಔಟ್ ಮಾಡುವುದು 4.1ರಲ್ಲಿ ಡೆಪ್ರಿಕೇಟ್ ಆಗಿ 5.0ರಲ್ಲಿ ಹೋಯಿತು. ಟೆಸ್ಟ್ ಕ್ಲೈಂಟ್‌ನ ಲಾಗ್‌ಔಟ್ ಮೆಥಡ್ ಲಾಗ್‌ಔಟ್ ವ್ಯೂ (ಆ ವಿನಂತಿಗೆ ಉತ್ತರಿಸುವ ಕೋಡ್) ಮುಟ್ಟುವುದೇ ಇಲ್ಲ, ಆದ್ದರಿಂದ ಟೆಸ್ಟ್‌ಗಳೆಲ್ಲ ಪಾಸಾಗಿ, ಪ್ರೊಡಕ್ಷನ್‌ನಲ್ಲಿ ಲಾಗ್‌ಔಟ್ ಲಿಂಕ್ ಒತ್ತಿದವರಿಗೆ 405 ಎರರ್ (ಈ ವಿಧಾನಕ್ಕೆ ಅನುಮತಿ ಇಲ್ಲ) ಬರುತ್ತದೆ. ಟೆಂಪ್ಲೇಟ್‌ಗಳಲ್ಲಿ ಲಾಗ್‌ಔಟ್ ಲಿಂಕ್ ಹುಡುಕಿ, ಸಿಎಸ್‌ಆರ್‌ಎಫ್ ಟೋಕನ್ (ಬೇರೆ ಸೈಟ್‌ನಿಂದ ಬರುವ ನಕಲಿ ವಿನಂತಿ ತಡೆಯುವ ಗುರುತು) ಇರುವ ಪೋಸ್ಟ್ ಫಾರ್ಮ್ ಆಗಿ ಬದಲಿಸಿ.

ಇದಕ್ಕೆ ಹೋಲಿಸಿದರೆ ‘ಇಂಡೆಕ್ಸ್_ಟುಗೆದರ್’ (ಹಲವು ಫೀಲ್ಡ್‌ಗಳಿಗೆ ಸೇರಿಸಿ ಒಂದು ಡೇಟಾಬೇಸ್ ಇಂಡೆಕ್ಸ್ ಕೇಳುವ ಹಳೆಯ ಆಯ್ಕೆ) ತೆಗೆದ ರೀತಿ ಮಾದರಿ ಎನ್ನಬಹುದು. 4.2ರಲ್ಲಿ ಡೆಪ್ರಿಕೇಟ್, 5.1ರಲ್ಲಿ ತೆರವು. ಆದರೆ ಬದಲಿ ದಾರಿ ಅದಕ್ಕೂ ಮುಂಚೆ, 4.1ರಲ್ಲೇ ಬಂದಿತ್ತು: ಅದೇ ಫೀಲ್ಡ್‌ಗಳನ್ನು ‘ಇಂಡೆಕ್ಸಸ್’ಗೆ ಸಾಗಿಸಿದರೆ ಡೇಟಾಬೇಸ್ ಬದಲಾವಣೆಗಳನ್ನು ಬರೆದುಕೊಡುವ ಮೇಕ್‌ಮೈಗ್ರೇಶನ್ಸ್ ಕಮಾಂಡ್ ‘ರಿನೇಮ್‌ಇಂಡೆಕ್ಸ್’ ಬರೆಯುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಹೆಸರಷ್ಟೇ ಬದಲಾಗುತ್ತದೆ, ದೊಡ್ಡ ಟೇಬಲ್‌ನ ಇಂಡೆಕ್ಸ್ ಮತ್ತೆ ಕಟ್ಟಬೇಕಿಲ್ಲ. ಹೊಸ ದಾರಿ ತೆರೆದ ಮೇಲೆ ಹಳೆಯದನ್ನು ಮುಚ್ಚುವ ಈ ಶಿಸ್ತನ್ನು ಬೇರೆ ಪ್ರಾಜೆಕ್ಟ್‌ಗಳೂ ಕಲಿಯಬೇಕು.

ಅರ್ಧ ಅಂಕ ಕಳೆದದ್ದು ವಾರ್ನಿಂಗ್ ಹಂತವೇ ಇಲ್ಲದೆ ಬರುವ ಬದಲಾವಣೆಗಳಿಗೆ. ಅವನ್ನು ರಿಲೀಸ್ ನೋಟ್ಸ್‌ನ ‘ಬ್ಯಾಕ್‌ವರ್ಡ್ಸ್ ಇನ್‌ಕಂಪ್ಯಾಟಿಬಲ್’ ಭಾಗದಲ್ಲಿ ಓದಿಯೇ ತಿಳಿಯಬೇಕು, ನಡುವಿನ ಪ್ರತಿ ಆವೃತ್ತಿಯದ್ದನ್ನೂ. 3.2ರಿಂದ 4.2ಕ್ಕೆ ಬರುವವರಿಗೆ ಸಿಗುವುದು ಇಂಥದ್ದೇ ಒಂದು: ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಆರಿಜಿನ್ಸ್ ಸೆಟ್ಟಿಂಗ್‌ನಲ್ಲಿ 4.0ರಿಂದ ಡೊಮೇನ್ ಮುಂದೆ ‘ಎಚ್‌ಟಿಟಿಪಿಎಸ್’ ಥರದ ಸ್ಕೀಮ್ ಕಡ್ಡಾಯ. ಸಬ್‌ಡೊಮೇನ್‌ಗಳಿಗೆ ಬರೀ ಚುಕ್ಕಿ ಸಾಲದು, ಸ್ಕೀಮ್ ಆದ ಮೇಲೆ ನಕ್ಷತ್ರ ಚಿಹ್ನೆ ಬೇಕು. ಸ್ಕೀಮ್ ಬಿಟ್ಟಿದ್ದರೆ ಸಿಸ್ಟಮ್ ಚೆಕ್ ಹಿಡಿಯುತ್ತದೆ. ಅದು ಹಿಡಿಯದ್ದು ಪ್ರಾಕ್ಸಿಯ (ಜಾಂಗೊ ಮುಂದೆ ನಿಂತು ವಿನಂತಿಗಳನ್ನು ಪಡೆಯುವ ಸರ್ವರ್‌ನ) ಸಮಸ್ಯೆಯನ್ನು. ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿದು, ‘ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್’ ಹೊಂದಿಸದೇ ಇದ್ದರೆ, ಬ್ರೌಸರ್ ಕಳಿಸುವ ಆರಿಜಿನ್‌ಗೂ ಜಾಂಗೊ ಅಂದುಕೊಂಡ ವಿಳಾಸಕ್ಕೂ ತಾಳೆಯಾಗದೆ ಪ್ರತಿ ಫಾರ್ಮ್‌ಗೂ 403 ಎರರ್ (ನಿರಾಕರಣೆ). ಲೋಕಲ್ ಯಂತ್ರದಲ್ಲಿ ಇದು ಗೊತ್ತಾಗುವುದಿಲ್ಲ. ಪ್ರಾಕ್ಸಿ ಇರುವ ಸ್ಟೇಜಿಂಗ್ ಸರ್ವರ್‌ನಲ್ಲಿ ಒಂದು ಫಾರ್ಮ್ ಸಲ್ಲಿಸಿ ನೋಡಿದ ಮೇಲೆಯೇ ಡಿಪ್ಲಾಯ್ ಮಾಡಿ.