ನಿರ್ದೇಶಕರ ಸಂಭಾವನೆ ವರದಿ ಮತ್ತು ಇ-ವೋಟಿಂಗ್: ಒಬ್ಬ ಸಣ್ಣ ಷೇರುದಾರಳ ಅನುಭವ

ಒಂದು ಕಂಪನಿಯ 140 ಷೇರು ನನ್ನ ಹತ್ತಿರ ಹನ್ನೊಂದು ವರ್ಷದಿಂದ ಇವೆ. ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಸಂಭಾವನೆಯ ಭಾಗವನ್ನು ಪೂರ್ತಿ ಓದಿ ವೋಟು ಹಾಕಿದ್ದು ಮಾತ್ರ ಈ ವರ್ಷವೇ.

ಇ-ವೋಟಿಂಗ್ ಬಹಳ ಸುಲಭ. ಲಾಗಿನ್ ಆಗಿ, ಒಟಿಪಿ ಹಾಕಿ, ಒಂದೊಂದೇ ನಿರ್ಣಯಕ್ಕೆ ಗುರುತು ಹಾಕಿದರೆ ಐದು ನಿಮಿಷದ ಕೆಲಸ.

ತೊಂದರೆ ಇರುವುದು ವರದಿಯಲ್ಲಿ. ಯಾರಿಗೆ ಎಷ್ಟು ಕೊಟ್ಟರು ಅನ್ನುವ ಪಟ್ಟಿ 88ನೇ ಪುಟದಲ್ಲಿದೆ. ಯಾರು ಎಷ್ಟು ಸಭೆಗೆ ಬಂದರು ಅನ್ನುವುದು 41ರಲ್ಲಿ. ಎರಡನ್ನೂ ನಾನೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ಎಂಟರಲ್ಲಿ ಮೂರೇ ಸಭೆಗೆ ಬಂದವರಿಗೂ, ಎಂಟಕ್ಕೂ ಬಂದು ಲೆಕ್ಕ ತಪಾಸಣೆ ನೋಡಿಕೊಳ್ಳುವ ಆಡಿಟ್ ಸಮಿತಿಯನ್ನೂ ನಡೆಸಿದವರಿಗೂ ಹೆಚ್ಚುಕಡಿಮೆ ಒಂದೇ ಮೊತ್ತ! ನನ್ನ ಬೇಸರ ಇದಕ್ಕೆ. ಒಟ್ಟು ಮೊತ್ತ ಜಾಸ್ತಿಯಾಯಿತು ಅಂತಲ್ಲ.

ನಿರ್ದೇಶಕರಿಗೆ ಚೆನ್ನಾಗಿಯೇ ಕೊಡಬೇಕು. ತೀರಾ ಕಡಿಮೆ ಕೊಟ್ಟರೆ ಸುಮ್ನೆ ಸಹಿ ಹಾಕಿ ಹೋಗುವವರೇ ಸಿಗುತ್ತಾರೆ. ಅತಿಯಾಗಿ ಕೊಟ್ಟರೂ ಕಷ್ಟ. ಆ ಹಣ ಕೈತಪ್ಪೀತು ಅಂತ ಸಿಇಒ ಮುಂದೆ ಬಾಯಿ ಬಿಡುವುದಿಲ್ಲ. ನನ್ನ ಮಟ್ಟಿಗೆ ನ್ಯಾಯ ಅಂದರೆ ಒಂದು ನಿಗದಿತ ಮೊತ್ತ, ಸಮಿತಿ ನಡೆಸುವವರಿಗೆ ಅದರ ಮೇಲೆ ಸ್ವಲ್ಪ, ಜೊತೆಗೆ ಹುದ್ದೆ ಬಿಡುವವರೆಗೂ ಮಾರಬಾರದ ಒಂದಿಷ್ಟು ಷೇರು. ಆಗ ನಷ್ಟ ಬಂದರೆ ನನ್ನ ಜೊತೆ ಅವರಿಗೂ ತಟ್ಟುತ್ತದೆ.

ಈ ಕಂಪನಿ ಸ್ವತಂತ್ರ ನಿರ್ದೇಶಕರಿಗೂ, ಅಂದರೆ ದಿನನಿತ್ಯದ ಆಡಳಿತದಲ್ಲಿ ಇಲ್ಲದೆ ಹೊರಗಿನಿಂದ ನಿಗಾ ಇಡುವವರಿಗೂ, ಸ್ಟಾಕ್ ಆಪ್ಷನ್ (ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಕೊಟ್ಟಿದೆ. ಇದು ನನಗೆ ಒಪ್ಪಿಗೆಯಿಲ್ಲ. ಷೇರು ಬೆಲೆ ಏರಿದರೆ ಅವರಿಗೆ ಲಾಭ, ಇಳಿದರೆ ಕೈಯಿಂದ ಏನೂ ಹೋಗುವುದಿಲ್ಲ. ಲೆಕ್ಕ ತಪಾಸಣೆ ನೋಡಿಕೊಳ್ಳಬೇಕಾದವರಿಗೆ ಇಂಥ ಆಸೆ ಯಾಕೆ ಹಚ್ಚಬೇಕು? ಬ್ರಿಟನ್ನಿನ ಕಾರ್ಪೊರೇಟ್ ಆಡಳಿತ ಸಂಹಿತೆ ಇದು ಬೇಡ ಅಂತ ಸ್ಪಷ್ಟವಾಗಿಯೇ ಹೇಳುತ್ತದೆ.

ಇನ್ನೊಂದು ಮಾತು. ಹೋದ ವರ್ಷ 31 ಪರ್ಸೆಂಟ್ ವೋಟು ಸಂಭಾವನೆ ವರದಿಯ ವಿರುದ್ಧ ಬಿದ್ದಿತ್ತು. ಈ ಸಲ ಅದಕ್ಕೆ ಸಿಕ್ಕ ಉತ್ತರ ಒಂದೇ ಸಾಲು: ಷೇರುದಾರರ ಅಭಿಪ್ರಾಯ ಗಮನಿಸಿದ್ದೇವೆ. ಏನು ಬದಲಾಯಿಸಿದಿರಿ, ಯಾಕೆ ಬದಲಾಯಿಸಲಿಲ್ಲ, ಒಂದೂ ಇಲ್ಲ. ವೋಟು ಬರೀ ಸಲಹೆಯಾಗಿ, ಕಂಪನಿ ಅದರಂತೆ ನಡೆಯಲೇಬೇಕು ಅಂತಿಲ್ಲದಾಗ ಹೀಗಾಗುತ್ತದೆ. ಆಸ್ಟ್ರೇಲಿಯಾದಲ್ಲಿ 2011ರಿಂದ ಬೇರೆ ನಿಯಮ ಇದೆ. ಸತತ ಎರಡು ವರ್ಷ 25 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ವಿರೋಧ ಬಂದರೆ, ನಿರ್ದೇಶಕರ ಮಂಡಳಿಯೇ ಮತ್ತೆ ಚುನಾವಣೆಗೆ ನಿಲ್ಲಬೇಕೇ ಅಂತ ಷೇರುದಾರರು ವೋಟು ಹಾಕುತ್ತಾರೆ. ತಮ್ಮ ಸಂಭಾವನೆಯನ್ನು ತಾವೇ ಗೊತ್ತುಮಾಡಿಕೊಳ್ಳುವ ಜಾಗದಲ್ಲಿ ಇಷ್ಟಾದರೂ ಹಿಡಿತ ಬೇಕು.

ನಾನು ಸಂಭಾವನೆ ನಿರ್ಣಯಕ್ಕೆ ವಿರುದ್ಧ ವೋಟು ಹಾಕಿದೆ. ಆಡಿಟ್ ಸಮಿತಿ ಅಧ್ಯಕ್ಷೆಯ ಮರುನೇಮಕಕ್ಕೆ ಪರವಾಗಿ ಹಾಕಿದೆ. ಎರಡೂ ಪಟ್ಟಿಗಳನ್ನು ಒಂದೇ ಪುಟದಲ್ಲಿ ಕೊಡಿ ಅಂತ ಕಂಪನಿ ಸೆಕ್ರೆಟರಿಗೆ ಇಮೇಲ್ ಕಳಿಸಿದೆ. ಒಂಬತ್ತನೇ ದಿನ ಉತ್ತರ ಬಂತು: ಪರಿಶೀಲಿಸುತ್ತೇವೆ.

ಇ-ವೋಟಿಂಗ್‌ಗೆ ಐದಕ್ಕೆ ಐದು. ವರದಿಗೆ ಎರಡು.