14 ಜನರ ನಾಟಕ ತಂಡಕ್ಕೆ ಯಾವ ಆ್ಯಪ್? ಬಳಸಿ ನೋಡಿದ ಮೇಲೆ ಬರೆದದ್ದು

ನಮ್ಮದು ಹನುಮಂತನಗರದ ಹವ್ಯಾಸಿ ನಾಟಕ ತಂಡ. ಒಬ್ಬರು ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬರಬೇಕು. ಇನ್ನೊಬ್ಬಳು ವೈಟ್‌ಫೀಲ್ಡ್‌ನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಇಳಿಯಬೇಕು. ತಾಲೀಮಿನ ಹೊತ್ತು ಬದಲಾದದ್ದು ಗೊತ್ತಾಗದಿದ್ದರೆ ಅವರ ಅರ್ಧ ದಿನ ಹಾಳು. ಹೋದ ಸಲ ಹಾಗೇ ಆಯಿತು. ಭಾನುವಾರ ಬೆಳಿಗ್ಗೆ ಮೂವರು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು. ತಾಲೀಮು ಸಂಜೆಗೆ ಹೋಗಿದೆ ಅಂತ ನಾನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೆ. ಅದರ ಹಿಂದೆಯೇ ಯಾರದೋ ಹುಟ್ಟುಹಬ್ಬ ಬಂತು. ಹನ್ನೆರಡು ಕೇಕು, ಎರಡು ದೇವರ ಫೋಟೊ ಬಿದ್ದ ಮೇಲೆ ನನ್ನ ಮೆಸೇಜು ಯಾರ ಕಣ್ಣಿಗೆ ಬೀಳಬೇಕು?

ಅವತ್ತಿನ ಬೈಗುಳ ತಿಂದ ಮೇಲೆ ಬೇರೆ ದಾರಿ ಹುಡುಕಿದೆವು. ದುಡ್ಡು ಕೊಡುವ ಮಾತಿಲ್ಲ. ಎಲ್ಲಾ ಫ್ರೀ ಪ್ಲಾನ್‌ಗಳೇ.

ಮೊದಲು ಸ್ಲ್ಯಾಕ್, ಆಫೀಸುಗಳ ಮೆಸೇಜಿಂಗ್ ಆ್ಯಪ್. ತಂಡದ ಸಾಫ್ಟ್‌ವೇರ್ ಹುಡುಗರ ಆಯ್ಕೆ. ತಾಲೀಮಿಗೊಂದು ಚಾನೆಲ್ (ಅಂದರೆ ಮಾತಿನ ಕೋಣೆ), ವೇಷಭೂಷಣಕ್ಕೊಂದು, ಖರ್ಚಿಗೊಂದು. ಮಾತು ಒಂದಕ್ಕೊಂದು ಬೆರೆಯುವುದಿಲ್ಲ, ಅದು ನಿಜಕ್ಕೂ ಸುಖ. ಆದರೆ ಆಫೀಸಿನಲ್ಲಿ ಬಳಸುವ ಐದು ಜನ ಬಿಟ್ಟರೆ ಉಳಿದವರು ಅದನ್ನು ತೆರೆಯಲೇ ಇಲ್ಲ. ನಮ್ಮ ಮೇಷ್ಟ್ರಿಗೆ ಮೇಕಪ್ ಡಬ್ಬಿಯ ಬೀಗದ ನಂಬರೇ ನೆನಪಿರುವುದಿಲ್ಲ. "ಇದಕ್ಕೂ ಒಂದು ಪಾಸ್‌ವರ್ಡೇನಪ್ಪಾ?" ಅಂದರು. ಇನ್ನೊಂದು ವಿಷಯ: ಫ್ರೀ ಪ್ಲಾನಿನಲ್ಲಿ ಕಾಣುವುದು ಹಿಂದಿನ 90 ದಿನದ ಮೆಸೇಜು ಮಾತ್ರ. ನಮ್ಮ ನಾಟಕ ಕಟ್ಟಲು ಐದು ತಿಂಗಳು ಬೇಕು. ಜೂನ್‌ನಲ್ಲಿ ಬರೆದಿಟ್ಟ ರಂಗಚಲನೆ ನವೆಂಬರ್‌ನಲ್ಲಿ ಕಾಣದಿದ್ದರೆ ಏನು ಪ್ರಯೋಜನ?

ಕೆಲಸಗಳ ಪಟ್ಟಿ ಇಡುವ ಟ್ರೆಲೋ ನನಗೆ ವೈಯಕ್ತಿಕವಾಗಿ ತುಂಬಾ ಇಷ್ಟ. ಒಂದೊಂದು ಕೆಲಸಕ್ಕೂ ಒಂದು ಕಾರ್ಡು. 'ಆಗಬೇಕು', 'ಆಗ್ತಾ ಇದೆ', 'ಆಯ್ತು' ಅಂತ ಮೂರು ಸಾಲು ಮಾಡಿಕೊಂಡು ಕಾರ್ಡನ್ನು ಎಳೆದು ಹಾಕುತ್ತಾ ಹೋಗುವುದು. ನಮಗೆ ಅಡ್ಡ ಬಂದದ್ದು ತಲೆ ಲೆಕ್ಕ. ಒಂದು ವರ್ಕ್‌ಸ್ಪೇಸಿಗೆ, ಅಂದರೆ ಒಂದು ತಂಡದ ಜಾಗಕ್ಕೆ, 10 ಜನ ಮಾತ್ರ ಫ್ರೀ, ನಾವು 14. ಪಾತ್ರ ಚಿಕ್ಕದಿದ್ದ ನಾಲ್ವರನ್ನು ಹೊರಗಿಟ್ಟೆ. ಆ ಬುದ್ಧಿ ನನಗೆ ಎಲ್ಲಿಂದ ಬಂತೋ! "ಸೈನಿಕರಿಗೆ ಎಂಟ್ರಿ ಇಲ್ವಾ ಸಾರ್?" ಅಂತ ಒಬ್ಬ ನಗುತ್ತಲೇ ಕೇಳಿದ. ನಗು ಅಷ್ಟೇನೂ ನಗುವಾಗಿರಲಿಲ್ಲ. ಒಳಗಿದ್ದ ಹತ್ತು ಜನರಲ್ಲೂ ಕಾರ್ಡು ಎಳೆಯುತ್ತಿದ್ದವನು ನಾನೊಬ್ಬನೇ, ಅದು ಬೇರೆ ಮಾತು.

ಟಿಪ್ಪಣಿ, ಪಟ್ಟಿ ಬರೆದಿಡುವ ನೋಷನ್ ಬಗ್ಗೆ ಜಾಸ್ತಿ ಹೇಳಲಾರೆ. ಪುಟ ಚಂದ ಮಾಡುವುದರಲ್ಲೇ ಎರಡು ರಾತ್ರಿ ಹೋಯಿತು. ಮಾತು ಬಾಯಿಪಾಠ ಆಗಲಿಲ್ಲ.

ಕೊನೆಗೆ ನಿಂತದ್ದು ಸಾಮಾನಿನ ಪಟ್ಟಿಗೆ ಗೂಗಲ್ ಶೀಟ್ಸ್ (ಆನ್‌ಲೈನ್ ಕೋಷ್ಟಕ), ಜೊತೆಗೆ ಅದೇ ಹಳೇ ವಾಟ್ಸ್‌ಆ್ಯಪ್. ಶೀಟಿನಲ್ಲಿ ನಾಲ್ಕೇ ಕಾಲಂ: ವಸ್ತು, ಯಾರ ಹತ್ರ, ಯಾವ ದೃಶ್ಯಕ್ಕೆ, ತಂದಾಯ್ತಾ. ಮೊದಲು ಒಂಬತ್ತು ಕಾಲಂ ಮಾಡಿದ್ದೆ. ಫೋನಿನಲ್ಲಿ ಪಕ್ಕಕ್ಕೆ ಸರಿಸಿ ಸರಿಸಿ ಎಲ್ಲರಿಗೂ ಸಾಕಾಯಿತು. ಮೇಲಿನ ಸಾಲನ್ನು ಫ್ರೀಜ್ ಮಾಡಿಟ್ಟರೆ ಕೆಳಗೆ ಎಷ್ಟು ಹೋದರೂ ತಲೆಬರಹ ಕಾಣುತ್ತಿರುತ್ತದೆ. ಲಿಂಕ್ ಒತ್ತಿದರೆ ಸಾಕು, ನೋಡುವುದಕ್ಕೆ ಲಾಗಿನ್ ಬೇಡ. ಮೇಷ್ಟ್ರು ಅಲ್ಲಿಗೇ ಗೆದ್ದರು. ಎಲ್ಲರಿಗೂ ತಿದ್ದುವ ಹಕ್ಕು ಕೊಟ್ಟು ಒಂದು ಸಲ ಕೈ ಸುಟ್ಟುಕೊಂಡೆವು. ಯಾರೋ ಬಸ್ಸಿನಲ್ಲಿ ನಿಂತು ನೋಡುವಾಗ ಹೆಬ್ಬೆರಳು ತಾಗಿ 'ಯಾರ ಹತ್ರ' ಕಾಲಂ ಪೂರ್ತಿ ಅಳಿಸಿಹೋಯಿತು. ಕಂಪ್ಯೂಟರಿನಲ್ಲಿ ವರ್ಷನ್ ಹಿಸ್ಟರಿ (ಹಳೇ ಪ್ರತಿಗಳ ಪಟ್ಟಿ) ತೆಗೆದು ಹಿಂದಿನ ದಿನದ ಶೀಟನ್ನೇ ವಾಪಸ್ ತಂದೆ. ಈಗ ತಿದ್ದುವವರು ಮೂವರು, ಉಳಿದವರು ನೋಡಬಹುದು ಅಷ್ಟೇ.

ವಾಟ್ಸ್‌ಆ್ಯಪ್‌ನಲ್ಲಿ ಗ್ರೂಪು ಎರಡಾಯಿತು. 'ತಾಲೀಮು' ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. 'ಹರಟೆ'ಯಲ್ಲಿ ಕೇಕು, ದೇವರು, ಏನು ಬೇಕಾದರೂ. ತಾಲೀಮಿನ ಹೊತ್ತನ್ನು ಪಿನ್ ಮಾಡುತ್ತೇನೆ, ಅಂದರೆ ಅದು ಗ್ರೂಪಿನ ಮೇಲ್ಗಡೆಯೇ ನಿಂತಿರುತ್ತದೆ. 24 ಗಂಟೆ, 7 ದಿನ, 30 ದಿನ ಅಂತ ಮೂರು ಆಯ್ಕೆ ಇದೆ, ನಮಗೆ ವಾರದ್ದು ಸರಿಹೋಗುತ್ತದೆ. "ಶನಿವಾರವೋ ಭಾನುವಾರವೋ" ಅನ್ನುವ ಜಗಳಕ್ಕೆ ಓಟು ಹಾಕಿಸುವ ಪೋಲ್ ಇದೆ. ಯಾರು ಓಟು ಹಾಕಿಲ್ಲ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ, ಅವರಿಗೆ ಫೋನ್ ಮಾಡುತ್ತೇನೆ.

ಮಳೆ ಬಂದ ದಿನ ಮನೆಯಿಂದಲೇ ವಿಡಿಯೊ ಕಾಲ್‌ನಲ್ಲಿ ನಾಟಕದ ಓದು. ಫ್ರೀಯಲ್ಲಿ ಜೂಮ್ 40 ನಿಮಿಷಕ್ಕೆ ನಿಲ್ಲುತ್ತದೆ, ಗೂಗಲ್ ಮೀಟ್ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೂ 60 ನಿಮಿಷ ಕೊಡುತ್ತದೆ. ನಮ್ಮ ಮೊದಲ ಅಂಕ ಓದಲು 50 ನಿಮಿಷ ಬೇಕು, ಹಾಗಾಗಿ ಮೀಟ್. ಆಮೇಲೆ ಎಲ್ಲರೂ ಕಾಫಿ ಕುಡಿದು ಬಂದು, ಎರಡನೇ ಅಂಕಕ್ಕೆ ಹೊಸದಾಗಿ ಕೂರುತ್ತೇವೆ.